ಹಂಚಿನಿಂದ ತಾಟಿಗೆ

ಖಾನಾವಳಿಯ ಗುಣವನ್ನು ಪಲ್ಯದಿಂದ ಅಳೆಯುವವರು ಬಹಳ. ಎಣಗಾಯಿ ಹೇಗಿತ್ತು, ಝುಣಕಕ್ಕೆ ಖಾರ ಹಿಡಿದಿತ್ತೇ, ಮೊಸರು ಕೆನೆಗಟ್ಟಿತ್ತೇ ಎಂದು ಕೇಳುತ್ತಾರೆ. ಪಲ್ಯ ಮುಖ್ಯವೇ, ಅದರ ಮಾತು ಮುಂದೆ ಬರುತ್ತದೆ. ಆದರೆ ಒಂದು ಖಾನಾವಳಿಗೆ ಮತ್ತೆ ಹೋಗಬೇಕೋ ಬೇಡವೋ ಎಂದು ನಾನು ತೀರ್ಮಾನಿಸುವುದು ಒಂದೇ ಲೆಕ್ಕದಿಂದ: ರೊಟ್ಟಿ ಹಂಚಿನಿಂದ ಇಳಿದು ತಾಟಿಗೆ ಬೀಳಲು ಎಷ್ಟು ಹೊತ್ತು ಹಿಡಿಯಿತು?

ಈ ಲೆಕ್ಕದಲ್ಲಿ ತಿಕೋಟಾ ವಿಜಯಪುರ ನಗರವನ್ನು ಹಿಂದೆ ಹಾಕುತ್ತದೆ ಎಂಬುದು ನನ್ನ ಅಭಿಪ್ರಾಯ. ವಿಜಯಪುರದಿಂದ ಅಥಣಿ ರಸ್ತೆ ಹಿಡಿದು 20 ಕಿ.ಮೀ. ಆಸುಪಾಸು ಬಂದರೆ ತಿಕೋಟಾ. ಹೊಸದಾಗಿ ತಾಲ್ಲೂಕು ಆದ ಊರು. ಸುತ್ತ ದ್ರಾಕ್ಷಿ ಪಡ, ನಡುನಡುವೆ ಒಣದ್ರಾಕ್ಷಿ ಮಾಡುವ ಉದ್ದನೆಯ ಶೆಡ್ಡುಗಳು. ಇಲ್ಲಿನ ಖಾನಾವಳಿಗಳು ಚಿಕ್ಕವು. ನಾಲ್ಕಾರು ಟೇಬಲ್ಲು, ಗೋಡೆಯ ಮೇಲೆ ಬಸವಣ್ಣನವರದೋ ಸಿದ್ಧೇಶ್ವರ ಸ್ವಾಮೀಜಿಯವರದೋ ಫೋಟೊ, ಅಡ್ಡಗೋಡೆಯ ಆಚೆ ಒಲೆ. ಉತಾರ ತೆಗೆಸಲು ಬಂದ ರೈತ, ಲಾರಿ ಚಾಲಕ, ಸಾಲಿ ಮಾಸ್ತರ, ದ್ರಾಕ್ಷಿ ವ್ಯಾಪಾರಿ ಒಂದೇ ಬೆಂಚಿನ ಮೇಲೆ ಕೂತು ಉಣ್ಣುತ್ತಾರೆ. ನಗರದ ದೊಡ್ಡ ಖಾನಾವಳಿಗಳಲ್ಲಿ ಮಧ್ಯಾಹ್ನ ಒಂದರ ಗದ್ದಲ ತಡೆಯಲು ಹನ್ನೊಂದಕ್ಕೇ ರೊಟ್ಟಿ ಬಡಿದು ಒಟ್ಟಿ ಇಡಬೇಕಾಗುತ್ತದೆ. ಚಿಕ್ಕ ಖಾನಾವಳಿಗೆ ಆ ಒತ್ತಡವಿಲ್ಲ. ನೀವು ಕೂತ ಮೇಲೆಯೇ ನಿಮ್ಮ ಪಾಲಿನ ಹಿಟ್ಟಿಗೆ ಎಸರು ಬೀಳುತ್ತದೆ.

ಹೊತ್ತಿನ ಬಗ್ಗೆ ಇಷ್ಟು ಕಟ್ಟುನಿಟ್ಟು ಯಾಕೆಂದರೆ ಜೋಳದ ಸ್ವಭಾವವೇ ಹಾಗೆ. ಗೋದಿಯಲ್ಲಿ ನೀರು ತಾಗಿದೊಡನೆ ಎಳೆ ಕಟ್ಟುವ ಗ್ಲುಟೆನ್ ಇದೆ. ಚಪಾತಿ ಹಿಟ್ಟನ್ನು ನಾದಿ ಒಂದು ತಾಸು ಬಿಟ್ಟರೂ ಅದು ಇನ್ನಷ್ಟು ಮೆತ್ತಗಾಗುತ್ತದೆ. ಜೋಳದಲ್ಲಿ ಅದಿಲ್ಲ. ಕುದಿಯುವ ಎಸರು ಸುರಿದಾಗ ಹಿಟ್ಟಿನ ಪಿಷ್ಟ ಅರ್ಧ ಬೆಂದು ಅಂಟಾಗುತ್ತದೆ. ನಮ್ಮ ಹೆಣ್ಣುಮಕ್ಕಳು ‘ಜಿಗಿ’ ಅನ್ನುವುದು ಇದಕ್ಕೇ. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಜೊತೆಗೆ ಒಂದು ಸಣ್ಣ ಕಹಿಯೂ ಸೇರುತ್ತದೆ. ಬೆಂದು ಆರಿದರೆ ಅದೇ ಪಿಷ್ಟ ಮತ್ತೆ ಬಿಗಿಯುತ್ತದೆ. ಹೂವಿನಂತೆ ಇಳಿದ ರೊಟ್ಟಿ ಕಾಲು ತಾಸಿನಲ್ಲಿ ನಾರಾಗುತ್ತದೆ. ಒಲೆಯ ಮೇಲಿನ ಹಂಚಿಗೂ ನಿಮ್ಮ ತಾಟಿಗೂ ನಡುವಿನ ಕೆಲವು ನಿಮಿಷಗಳಲ್ಲಿಯೇ ಖಾನಾವಳಿಯ ಮಾನ ಅಡಗಿದೆ.

ಖಡಕ್ ರೊಟ್ಟಿಯ ಮಾತು ಬೇರೆ. ಅದು ಆರಿದ ರೊಟ್ಟಿಯಲ್ಲ, ಬೇಕೆಂದೇ ತೇವ ಪೂರ್ತಿ ಹೋಗುವ ತನಕ ಒಣಗಿಸಿದ್ದು. ತಿಂಗಳುಗಟ್ಟಲೆ ಇರುತ್ತದೆ, ಮೊಸರು-ಹಿಂಡಿಯಲ್ಲಿ ಮುರಿದು ಹಾಕಿದರೆ ತನ್ನದೇ ಸ್ವಾದ ಕೊಡುತ್ತದೆ. ನಾನು ಒಪ್ಪದೇ ಇರುವುದು ಇವೆರಡರ ನಡುವಿನದನ್ನು: ಸ್ಟೀಲ್ ಡಬ್ಬಿಯಲ್ಲಿ ಅರಿವೆ ಸುತ್ತಿ ಇಟ್ಟ, ತನ್ನ ಹಬೆಯಲ್ಲಿ ತಾನೇ ಬೆವತು ಒದ್ದೆಯಾದ ರೊಟ್ಟಿ. ಬಿಸಿಯ ಮೆದುವೂ ಇಲ್ಲ, ಖಡಕ್ಕಿನ ಗರಿಯೂ ಇಲ್ಲ.

ಒಳ್ಳೆಯ ಖಾನಾವಳಿಯಲ್ಲಿ ಅಡ್ಡಗೋಡೆಗೆ ಹತ್ತಿದ ಬೆಂಚು ಹಿಡಿದರೆ ಇಡೀ ಕೆಲಸ ಕಾಣುತ್ತದೆ. ಪರಾತದಲ್ಲಿ ಹಿಟ್ಟಿನ ಗುಪ್ಪೆ, ನಡುವೆ ತಗ್ಗು, ತಗ್ಗಿನಲ್ಲಿ ಎಸರು. ಕೈ ಸುಡದ ಹಾಗೆ ಮೊದಲು ಸುತ್ತಲಿನ ಒಣಹಿಟ್ಟನ್ನು ಒಳಗೆ ಎಳೆಯುತ್ತಾರೆ, ಆಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ. ಒಂದೇ ಸಲಕ್ಕೆ ಹತ್ತು ರೊಟ್ಟಿಗಾಗುವಷ್ಟು ನಾದಿದರೆ ಕೊನೆಯ ರೊಟ್ಟಿ ಸೀಳುತ್ತದೆ. ಬಲ್ಲವರು ಒಂದೋ ಎರಡೋ ರೊಟ್ಟಿಗಾಗುವಷ್ಟನ್ನೇ ಮತ್ತೆ ಮಿದಿಯುತ್ತಾ ಹೋಗುತ್ತಾರೆ. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಬಡಿಯಲು ಶುರು ಮಾಡಿದರೆ ಎರಡು ಕೈಗೂ ಬೇರೆ ಬೇರೆ ಕೆಲಸ. ಒಂದು ಬಡಿಯುತ್ತದೆ, ಇನ್ನೊಂದು ಅಂಚು ಸವರುತ್ತಾ ತಿರುಗಿಸುತ್ತದೆ. ರೊಟ್ಟಿ ತಾನೇ ತಿರುಗುತ್ತಾ ಅಗಲವಾಗುವುದನ್ನು ನೋಡುವುದೇ ಒಂದು ಸುಖ. ಹಂಚಿಗೆ ಬಿದ್ದೊಡನೆ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರುತ್ತಾರೆ. ಈ ನೀರು ಆರುವ ಮುಂಚೆ ತಿರುವಿದರೆ ರೊಟ್ಟಿ ಹಂಚಿಗೆ ಅಂಟುತ್ತದೆ, ತಡವಾದರೆ ಬಿರಿಯುತ್ತದೆ. ತಿರುವಿ, ಕಡೆಗೆ ಹಂಚು ಸರಿಸಿ ಬೆಂಕಿಗೆ ಆನಿಸಿದಾಗ ರೊಟ್ಟಿ ಅಂಚಿನಿಂದ ಅಂಚಿಗೆ ಉಬ್ಬಬೇಕು. ಅರ್ಧ ಉಬ್ಬಿ ನಿಂತರೆ ಎಲ್ಲೋ ದಪ್ಪ ಉಳಿದಿದೆ, ಇಲ್ಲವೇ ಎಲ್ಲೋ ತೂತು ಬಿದ್ದಿದೆ ಎಂದು ಅರ್ಥ.

“ತಡೀರಿ ಕಾಕಾ, ಹಂಚಿನ ಮ್ಯಾಲ ಐತಿ” ಎಂದು ನೀಡುವ ಹುಡುಗ ಹೇಳಿದರೆ ನೀವು ಸರಿಯಾದ ಜಾಗಕ್ಕೆ ಬಂದಿದ್ದೀರಿ ಎಂದೇ ತಿಳಿಯಿರಿ.

ಇದೇ ತತ್ವದ ಮೇಲೆ ನಿಂತ ಇನ್ನೊಂದು ಊಟದಂಗಡಿ ಜಪಾನಿನಲ್ಲಿದೆ. ಅಲ್ಲಿ ಓಣಿ ಓಣಿಗೆ ಸೋಬಾ ಅಂಗಡಿಗಳು. ಸೋಬಾ ಎಂದರೆ ಬಕ್‌ವೀಟ್ ಹಿಟ್ಟಿನ ಶಾವಿಗೆ. ಉತ್ತರ ಭಾರತದವರು ಉಪವಾಸದ ದಿನ ಕುಟ್ಟು ಎಂದು ತಿನ್ನುತ್ತಾರಲ್ಲ, ಅದೇ ಕಾಳು. ನಮ್ಮ ಜೋಳದ ಹಾಗೆ ಅದರಲ್ಲಿಯೂ ಗ್ಲುಟೆನ್ ಇಲ್ಲ. ಬಹಳ ಅಂಗಡಿಗಳವರು ಎಂಟು ಪಾಲಿಗೆ ಎರಡು ಪಾಲು ಗೋದಿ ಹಿಟ್ಟು ಬೆರೆಸಿ ಅಂಟು ತರುತ್ತಾರೆ. ಅಪ್ಪಟ ಬಕ್‌ವೀಟಿನಲ್ಲೇ ಮಾಡುವೆನೆಂದು ಹಟ ಹಿಡಿದ ಬಾಣಸಿಗರಲ್ಲಿ ಕೆಲವರು ಏನು ಮಾಡುತ್ತಾರೆ ಗೊತ್ತೇ? ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುತ್ತಾರೆ. ತಿಕೋಟಾದ ಅವ್ವನ ಎಸರು, ಅದೇ ಕಾರಣಕ್ಕೆ, ಅದೇ ಕೆಲಸಕ್ಕೆ! ಸೋಬಾ ಬಲ್ಲವರು ಕೇಳುವ ಮೂರು ಗುಣಗಳೂ ನಮ್ಮ ಲೆಕ್ಕಕ್ಕೆ ಸರಿಹೊಂದುತ್ತವೆ: ಆಗಷ್ಟೇ ಬೀಸಿದ ಹಿಟ್ಟು, ಆಗಷ್ಟೇ ನಾದಿ ಕೊಯ್ದ ಎಳೆ, ಆಗಷ್ಟೇ ಬೇಯಿಸಿದ್ದು. ಶರತ್ಕಾಲದಲ್ಲಿ ಹೊಸ ಬೆಳೆಯ ಹಿಟ್ಟು ಬಂದಾಗ ಅಂಗಡಿಯ ಮುಂದೆ ‘ಹೊಸ ಸೋಬಾ ಬಂದಿದೆ’ ಎಂದು ಬರೆದು ತೂಗುಹಾಕುತ್ತಾರೆ. ಊಟದ ಕೊನೆಗೆ ಶಾವಿಗೆ ಬೇಯಿಸಿದ ಬಿಸಿನೀರನ್ನೇ ತಂದುಕೊಡುತ್ತಾರೆ, ಅದನ್ನು ಉಳಿದ ಸಾರಿಗೆ ಬೆರೆಸಿ ಕುಡಿಯುವುದು ರೂಢಿ. ಬೇಳೆ ಬೇಯಿಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜಪಾನಿನವರು ಈ ಸಣ್ಣ ಅಂಗಡಿಗಳನ್ನು ಗೌರವದಿಂದ ಕಾಣುತ್ತಾರೆ. ಹಿಟ್ಟು ಎಲ್ಲಿಯದು, ಯಾರು ಬೀಸಿದ್ದು ಎಂದು ಕೇಳುವ ಗಿರಾಕಿಗಳು ಅಲ್ಲಿದ್ದಾರೆ. 2013ರಲ್ಲಿ ಯುನೆಸ್ಕೊ ಆ ದೇಶದ ಊಟದ ಸಂಪ್ರದಾಯವನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಹತ್ತು ವರ್ಷದ ನಂತರ, 2023ರಲ್ಲಿ, ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಆಚರಿಸಿದಾಗ ಜೋಳಕ್ಕೂ ಮರ್ಯಾದೆ ಸಿಕ್ಕಿತು. ಬಿಸ್ಕೀಟು, ಮಾಲ್ಟು, ಪೊಟ್ಟಣದ ಹಿಟ್ಟು ಎಲ್ಲ ಬಂದವು. ಜೋಳವನ್ನು ದಿನಕ್ಕೆ ಎರಡು ಹೊತ್ತು ಅದರ ಅತ್ಯುತ್ತಮ ರೂಪದಲ್ಲಿ ಬಡಿಸುತ್ತಿರುವ ಖಾನಾವಳಿಯನ್ನು ಮಾತ್ರ ಹೆಚ್ಚು ಜನ ನೆನೆಯಲಿಲ್ಲ. ಇದು ನನಗೆ ನೋವಿನ ಸಂಗತಿ.

ಹಿಟ್ಟು ಎಲ್ಲಿಯದೆಂದು ಕೇಳುವ ಹಕ್ಕು ನಮಗಂತೂ ಪೂರ್ತಿ ಇದೆ, ಉತ್ತರವೂ ಕೂಗಳತೆಯಲ್ಲೇ ಇದೆ. ಡೋಣಿ ಹೊಳೆಯ ದಂಡೆಯ ಎರಿ ಹೊಲಗಳು ಬೆಳೆದರೆ ಓಣಿಗೆಲ್ಲ ಜೋಳ ಎಂಬ ಮಾತು ಈ ಸೀಮೆಯ ಮಕ್ಕಳಿಗೂ ಗೊತ್ತು. ಹಿಂಗಾರಿ ಬಿಳಿಜೋಳ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತನೆಯಾಗಿ, ಕರಿಮಣ್ಣು ಹಿಡಿದಿಟ್ಟ ತೇವದ ಮೇಲೆ, ಇಬ್ಬನಿಯ ಚಳಿಯಲ್ಲಿ ಬೆಳೆದು ಫೆಬ್ರುವರಿ-ಮಾರ್ಚಿಗೆ ಕೊಯ್ಲಿಗೆ ಬರುತ್ತದೆ. ಮಳೆಗೆ ಸಿಗದ ಕಾಳು, ಅದಕ್ಕೇ ಆ ಮುತ್ತಿನ ಬಣ್ಣ. ಮಾಲದಂಡಿ ಎಂದು ಎಲ್ಲರೂ ಕರೆಯುವ ಎಂ 35-1 ತಳಿಯನ್ನು 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಸ್ಥಳೀಯ ಜೋಳದಿಂದಲೇ ಆಯ್ದು ತೆಗೆದರು. ಅದೇ ದಶಕದಲ್ಲಿ ವಿಜಯಪುರದಲ್ಲಿಯೂ ಒಣಬೇಸಾಯದ ಸಂಶೋಧನಾ ಕೇಂದ್ರ ಶುರುವಾಯಿತು. ಆಮೇಲೆ ಎಷ್ಟೋ ಹೊಸ ತಳಿಗಳು ಬಂದಿವೆ, ಹೆಚ್ಚು ಇಳುವರಿಯವೂ ಇವೆ. ಆದರೂ ರೊಟ್ಟಿಯ ರುಚಿಗೆ ಅಳತೆಗೋಲು ಇಂದಿಗೂ ಮಾಲದಂಡಿಯೇ.

ಏತ ನೀರಾವರಿ ಈ ಭಾಗದ ಬದುಕನ್ನು ಬದಲಿಸಿದೆ. ತುಬಚಿ-ಬಬಲೇಶ್ವರದಂಥ ಯೋಜನೆಗಳಿಂದ ನೀರು ಬಂದ ಕಡೆ ದ್ರಾಕ್ಷಿ, ದಾಳಿಂಬೆ, ಕಬ್ಬು ಬಂದಿವೆ. ಬರದಲ್ಲಿ ಬೆಂದ ರೈತನಿಗೆ ಇದು ಸಿಗಲೇಬೇಕಾದ ಸುಖ, ಇದರಲ್ಲಿ ಎರಡು ಮಾತಿಲ್ಲ. ಆದರೆ ಜೋಳದ ಜೊತೆಗೆ ಹೊಲ ಬಿಟ್ಟದ್ದು ಕುಸುಬಿ. ಹಿಂದೆ ಜೋಳದ ಹೊಲಕ್ಕೆ ಸುತ್ತಲೂ ಕುಸುಬಿ ಹಾಕುತ್ತಿದ್ದರು. ಮುಳ್ಳಿಗೆ ಹೆದರಿ ದನ ಒಳಗೆ ಬಾಯಿ ಹಾಕುತ್ತಿರಲಿಲ್ಲ, ಎಳೆ ಎಲೆ ಪಲ್ಯಕ್ಕಾಗುತ್ತಿತ್ತು, ಕಾಳು ಗಾಣಕ್ಕೆ ಹೋಗುತ್ತಿತ್ತು. ಎಣಗಾಯಿಯ ಬದನೆಯನ್ನು ಕುಸುಬಿ ಎಣ್ಣೆಯಲ್ಲಿ ಬಾಡಿಸಿದಾಗ ಬರುವ ಘಮ ಈಗ ಖಾನಾವಳಿಗಳಲ್ಲಿ ಅಪರೂಪ. ಪಾಮೆಣ್ಣೆಯಲ್ಲಿ ಮಾಡಿ, ಬಣ್ಣಕ್ಕೆಂದು ಮೇಲೆ ಕೆಂಪು ಎಣ್ಣೆ ತೇಲಿಸಿದ್ದು ನೋಡಿದರೆ ನನ್ನ ಹಸಿವು ಅಲ್ಲಿಗೇ ನಿಲ್ಲುತ್ತದೆ. ಎಣಗಾಯಿಯಲ್ಲಿ ಬದನೆ ಇಡಿಯಾಗಿರಬೇಕು, ತೊಟ್ಟು ಹಿಡಿದು ಎತ್ತಿದರೆ ಬಿಚ್ಚಿಕೊಳ್ಳಬಾರದು. ಶೇಂಗಾ, ಎಳ್ಳು, ಗುರೆಳ್ಳಿನ ಪುಡಿ ಒಳಗಿನ ತಿರುಳಿಗೆ ಹತ್ತಿ ಕೂತಿರಬೇಕು.

ತಾಟಿನ ಉಳಿದ ಜಾಗದ ಬಗ್ಗೆ ನಾನು ಅಷ್ಟು ಬಿಗಿಯಲ್ಲ. ಮಡಕಿಕಾಳು, ಹೆಸರುಕಾಳು, ಜೋಳದ ನುಚ್ಚು ಹಾಕಿ ಬೇಯಿಸಿದ ಪುಂಡಿಪಲ್ಯ, ಯಾವುದಿದ್ದರೂ ಆದೀತು. ಆದರೆ ಹಸಿ ಸೊಪ್ಪು ಇಲ್ಲದ ಊಟ ಅರ್ಧ ಊಟ. ಮೆಂತ್ಯಪಲ್ಯದ ಎಳೆ ಕಡ್ಡಿ, ಉಳ್ಳಾಗಡ್ಡಿ, ಮೂಲಂಗಿ, ಸಿಕ್ಕರೆ ಹತ್ತರಕಿ. ಹತ್ತರಕಿಯ ಸಣ್ಣ ಕಹಿ, ಜೋಳದ ಸಣ್ಣ ಸಿಹಿ, ಎರಡರ ನಡುವೆ ಕೆನೆಮೊಸರಿನಲ್ಲಿ ಕಲಸಿದ ಶೇಂಗಾ ಹಿಂಡಿ! ಚಳಿಗಾಲದ ಈ ಮೂರರ ಜೋಡಿಗೆ ಸಮನಾದದ್ದನ್ನು ನಾನು ಎಲ್ಲಿಯೂ ಉಂಡಿಲ್ಲ. ಉಪ್ಪಿನಕಾಯಿ ಇಂಡಿ ಲಿಂಬೆಯದಾದರೆ ಮತ್ತೇನು ಬೇಕು? ಫಲಕದ ಮೇಲೆ ಪನೀರ್, ಗೋಬಿ ಮಂಚೂರಿ ಬರೆಸಿರುವ ಖಾನಾವಳಿಗಳನ್ನು ನಾನು ದಾಟಿ ಹೋಗುತ್ತೇನೆ. ಒಂದೇ ಒಲೆ ಎರಡು ಊರಿನ ಅಡುಗೆಗೆ ದುಡಿದರೆ ರೊಟ್ಟಿಯ ಸರದಿ ತಪ್ಪುತ್ತದೆ.

ಈಗ ರೊಟ್ಟಿ ಬಡಿಯುವವರ ಮಾತು. ಏಪ್ರಿಲ್-ಮೇ ತಿಂಗಳಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗಲೂ ಒಲೆಯ ಮುಂದೆ ಕೂತು, ಒಂದರ ಹಿಂದೊಂದು, ಒಂದೇ ಅಳತೆಯ ರೊಟ್ಟಿ ಇಳಿಸುವವರು ಹೆಂಗಸರು. ಎಷ್ಟೋ ಕಡೆ ಮಾಲಕನ ಮನೆಯವರು, ಕೆಲವು ಕಡೆ ಕೂಲಿಗೆ ಬಂದವರು. ಉಂಡೆದ್ದವನು ಹೊಗಳುವುದು ಗಲ್ಲಾದ ಮೇಲೆ ಕೂತವನನ್ನು, ಖುಷಿಗೆಂದು ನಾಲ್ಕು ಕಾಸು ಕೊಡುವುದು ನೀಡಿದ ಹುಡುಗನಿಗೆ. ಅಡ್ಡಗೋಡೆಯ ಆಚೆಗೆ ಅದು ಮುಟ್ಟುವುದಿಲ್ಲ. ಖಾನಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು ಪಗಾರ ಇರಬೇಕಾದದ್ದು ರೊಟ್ಟಿ ಬಡಿಯುವವರಿಗೆ ಎಂದು ನಾನು ಖಂಡಿತವಾಗಿ ನಂಬುತ್ತೇನೆ. ಆ ಕೈ ಸಿಗುವುದು ಕಷ್ಟವಾಗುತ್ತಿದೆ. ಹೊಸ ತಲೆಮಾರಿನ ಹುಡುಗಿಯರು ಓದಿ ನೌಕರಿಗೆ ಹೋಗುತ್ತಿದ್ದಾರೆ, ಹೋಗಲೇಬೇಕು. ಅದಕ್ಕೇ ಒತ್ತುವ ಯಂತ್ರಗಳು ಬಂದಿವೆ. ನಾನು ಉಂಡ ಯಂತ್ರದ ರೊಟ್ಟಿಗಳಲ್ಲಿ ಅಂಚಿನ ಆ ತೆಳುವು ಇರಲಿಲ್ಲ, ಹಿಟ್ಟು ಗಟ್ಟಿ ಕಲಸಿದ್ದರಿಂದ ಮೆದುವೂ ಇರಲಿಲ್ಲ. ಖಡಕ್ ರೊಟ್ಟಿಗೆ ಯಂತ್ರ ನಡೆದೀತು. ಬಿಸಿ ರೊಟ್ಟಿಗೆ ಕೈಯೇ ಬೇಕು. ಆ ಕೈಗೆ ತಕ್ಕ ಬೆಲೆ ಕಟ್ಟಿ, ಊಟದ ದರವನ್ನು ಸ್ವಲ್ಪ ಏರಿಸಿದರೆ ನಾನು ಸಂತೋಷದಿಂದ ಕೊಡುತ್ತೇನೆ; ಗಂಡಸರೂ ಈ ಕೆಲಸ ಕಲಿತು ಒಲೆಯ ಮುಂದೆ ಕೂತರೆ ಇನ್ನೂ ಸಂತೋಷ.

ತಿಕೋಟಾ ಕಡೆ ಹೋಗುವವರು ಹನ್ನೆರಡೂವರೆಯಿಂದ ಒಂದೂವರೆಯ ಒಳಗೆ ಮುಟ್ಟುವ ಹಾಗೆ ಹೊರಡಿ. ಎರಡು ದಾಟಿದರೆ ಒಲೆ ಆರಿಸಿ, ಉಳಿದದ್ದನ್ನು ಡಬ್ಬಿಗೆ ತುಂಬಿರುತ್ತಾರೆ. ದ್ರಾಕ್ಷಿ ಕೊಯ್ಲಿನ ತಿಂಗಳುಗಳಲ್ಲಿ ಕೂಲಿಯವರು, ವ್ಯಾಪಾರಿಗಳು ತುಂಬಿ ಜಾಗ ಸಿಗುವುದು ತಡವಾಗುತ್ತದೆ, ಆದರೆ ಅದೇ ಹೊತ್ತಿಗೆ ಹೊಸ ಜೋಳದ ಹಿಟ್ಟು ಬಂದಿರುತ್ತದೆ. ಕೂತ ಕೂಡಲೇ ಎರಡು ರೊಟ್ಟಿ ತರಿಸಿಕೊಳ್ಳಬೇಡಿ. ಒಂದು ಮುಗಿಯುತ್ತ ಬಂದಾಗ ಇನ್ನೊಂದನ್ನು ಕೇಳಿ. ಅನ್ನ-ಸಾರಿಗೆ ಹೊಟ್ಟೆಯಲ್ಲಿ ಜಾಗ ಇಟ್ಟುಕೊಳ್ಳಿ, ಕಟ್ಟಿನ ಸಾರಿದ್ದರೆ ಒಂದು ವಾಟಗಾ ಹಾಗೇ ಕುಡಿಯಿರಿ. ಬುತ್ತಿ ಕಟ್ಟಿಸುವುದಾದರೆ ಬಿಸಿ ರೊಟ್ಟಿ ಬೇಡ. ಖಡಕ್ ರೊಟ್ಟಿ, ಒಣ ಶೇಂಗಾ ಹಿಂಡಿ ಕೇಳಿ. ಬೆಂಗಳೂರಷ್ಟೇ ಏಕೆ, ದೇಶ ದಾಟಿದರೂ ಅವು ಕೆಡುವುದಿಲ್ಲ.