ಹಾಡಿಗೆ ಒಲಿದ ಕೋಟೆ

ಒಂದು ನಾಡಿನ ಪ್ರಚಾರಚಿತ್ರವೆಂದೊಡನೆ ಪ್ರವಾಸೋದ್ಯಮ ಇಲಾಖೆಯ ಕಿರುಚಿತ್ರಗಳು ನೆನಪಾಗುವುದು ಸಹಜ. ನಮ್ಮ ಕಾಸರಗೋಡಿಗೆ ಆ ಸೇವೆಯನ್ನು ಸಲ್ಲಿಸಿದ್ದು ಒಂದು ಚಲನಚಿತ್ರಗೀತೆ. 1995ರಲ್ಲಿ ತೆರೆಕಂಡ ಮಣಿರತ್ನಂ ಅವರ ‘ಬಾಂಬೆ’ ಚಿತ್ರದ ‘ಉಯಿರೇ’ ಗೀತೆ, ಹಿಂದಿಯಲ್ಲಿ ‘ತೂ ಹೀ ರೇ’, ಬೇಕಲ ಕೋಟೆಯಲ್ಲಿ ಚಿತ್ರಿತವಾಯಿತು. ಕೇಂದ್ರ ಸರಕಾರವು 1992ರಲ್ಲಿಯೇ ಬೇಕಲವನ್ನು ವಿಶೇಷ ಪ್ರವಾಸಿ ತಾಣವೆಂದು ಘೋಷಿಸಿತ್ತು. ಆದರೆ ಜನಮನದಲ್ಲಿ ಅದನ್ನು ನೆಲೆಗೊಳಿಸಿದ್ದು ಈ ಹಾಡೇ. ಪರವೂರಿನಲ್ಲಿರುವ ನಮ್ಮ ಮಕ್ಕಳು ತಮ್ಮ ಊರಿನ ಗುರುತು ಹೇಳುವಾಗ ಇಂದಿಗೂ “ಬಾಂಬೆ ಹಾಡಿನ ಕೋಟೆ” ಎನ್ನುವುದುಂಟು.

ಹಾಡಿನ ಹಿರಿಮೆಯನ್ನು ಮೊದಲು ಒಪ್ಪಬೇಕು. ಪ್ರಚಾರಚಿತ್ರಗಳು ಬಿಸಿಲನ್ನೂ ನೀಲಿ ಕಡಲನ್ನೂ ಅರಸುತ್ತವೆ. ಛಾಯಾಗ್ರಾಹಕ ರಾಜೀವ್ ಮೆನನ್ ಅವರು ತೋರಿದ್ದು ನಮ್ಮ ಮಳೆಗಾಲವನ್ನು: ಕವಿದ ಮುಗಿಲು, ಪಾಚಿಗಟ್ಟಿದ ಮುರಕಲ್ಲು, ಬುಡಕ್ಕಪ್ಪಳಿಸುವ ತೆರೆ. ಎ. ಆರ್. ರೆಹಮಾನ್ ಅವರ ರಾಗಸಂಯೋಜನೆಯಲ್ಲಿ ಹರಿಹರನ್ ಅವರ ಕಂಠವು ಆ ತೇವವನ್ನೇ ಹೀರಿಕೊಂಡಂತಿದೆ. ನಾಯಕ ಕಾಯುತ್ತಾನೆ, ನಾಯಕಿಯ ಬುರ್ಖಾ ಸಿಕ್ಕಿಕೊಂಡು ಕಳಚುತ್ತದೆ, ಅವಳು ಓಡಿಬರುತ್ತಾಳೆ. ಇಲ್ಲಿ ಕೋಟೆ ಬರಿಯ ಹಿನ್ನೆಲೆಯಲ್ಲ, ಇಬ್ಬರ ನಡುವಣ ಅಡ್ಡಗೋಡೆಯೂ ಹೌದು, ಆಸರೆಯೂ ಹೌದು. ನಾವು ದಿನವೂ ಕಂಡ ಕಲ್ಲಿಗೆ ಇಂಥ ಚೆಲುವಿದೆಯೆಂದು ನಮಗೇ ತಿಳಿಸಿಕೊಟ್ಟ ದೃಶ್ಯವಿದು.

ಆದರೂ ಪ್ರತಿಸಲ ನೋಡಿದಾಗ ಒಂದು ಕೊರತೆ ಮನಸ್ಸನ್ನು ಚುಚ್ಚುತ್ತದೆ. ಕಥೆಯಲ್ಲಿ ಇದು ತಮಿಳು ನಾಡಿನ ಹಳ್ಳಿಯೊಂದರ ಬಳಿಯ ಹೆಸರಿಲ್ಲದ ಕೋಟೆ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದನೆನ್ನಲಾದ, ಹೈದರ್ ಮತ್ತು ಟಿಪ್ಪುವಿನ ಕೈಗೆ ಬಂದು, 1799ರ ಬಳಿಕ ಕಂಪೆನಿಯ ವಶವಾಗಿ, ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದು, 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಬೇಕಲ ಅಲ್ಲಿಲ್ಲ. ಕಥಾಚಿತ್ರವು ಇತಿಹಾಸವನ್ನು ಬೋಧಿಸಬೇಕಿಲ್ಲ, ನಿಜ. ಆದರೆ ಅದು ತನ್ನದೇ ವಸ್ತುವನ್ನೂ ಇಲ್ಲಿ ಕಾಣದೆ ಹೋಯಿತು. ಹಿಂದೂ ತರುಣ, ಮುಸ್ಲಿಂ ತರುಣಿಯ ಒಲವನ್ನೂ, 1992-93ರ ಮುಂಬಯಿಯ ಗಲಭೆಯನ್ನೂ ಕುರಿತ ಚಿತ್ರವಿದು. ಬೇಕಲ ಕೋಟೆಯ ಬಾಗಿಲಲ್ಲಿ ಮುಖ್ಯಪ್ರಾಣನ ಗುಡಿಯಿದೆ. ಸಮೀಪದಲ್ಲಿಯೇ ಹಳೆಯ ಮಸೀದಿಯಿದೆ. ಚಿತ್ರ ಹಂಬಲಿಸುವ ಸಹಬಾಳ್ವೆ ಕ್ಯಾಮೆರಾದ ಬೆನ್ನ ಹಿಂದೆಯೇ ಇತ್ತು.

ಇದೇ ಶಿವಪ್ಪ ನಾಯಕನ ಹೆಸರಿಗೆ ಸಲ್ಲುವ ಇನ್ನೊಂದು ಕೋಟೆ ಪಯಸ್ವಿನಿಯ ದಡದ ಚಂದ್ರಗಿರಿಯಲ್ಲಿದೆ. ಅದಕ್ಕೆ ಅಂಥ ಹಾಡು ದೊರೆಯಲಿಲ್ಲ. ಬೇಕಲದಲ್ಲಿ ನೆರೆಯುವ ಜನಸಂದಣಿಯೂ ಅಲ್ಲಿಲ್ಲ. ಚಿತ್ರ ಕೊಟ್ಟ ಕೀರ್ತಿಯ ಸ್ವರೂಪ ಇಷ್ಟು: ಬೆಳಕು ಬಿದ್ದೆಡೆ ಜಾತ್ರೆ, ಬೀಳದೆಡೆ ಮೌನ. ಬೆಳಕು ಬಿದ್ದ ಕೋಟೆಗೂ ರೂಪ ಉಳಿಯಿತು, ಹೆಸರು ಉಳಿಯಲಿಲ್ಲ.

ಗಡಿನಾಡಿನ ನಮಗೆ ಹೆಸರೆಂಬುದು ಸಣ್ಣ ಸಂಗತಿಯಲ್ಲ. ಊರಿನ ಹೆಸರು ಫಲಕದಲ್ಲಿ ಯಾವ ಲಿಪಿಯಲ್ಲಿರಬೇಕು, ಹೇಗೆ ಉಚ್ಚರಿಸಬೇಕು ಎಂಬುದಕ್ಕೂ ಮನವಿ ಬರೆಯುತ್ತ ಬಂದವರು ನಾವು. ಹಾಡನ್ನು ದೂರಿ ಫಲವಿಲ್ಲ. ಅದು ತನ್ನ ಕೆಲಸವನ್ನು ಸೊಗಸಾಗಿ ಮಾಡಿದೆ. ಉಳಿದುದು ನಮ್ಮ ಕೆಲಸ. ಇಂದು ಎಳೆಯರ ಕೈಯಲ್ಲೆಲ್ಲ ಮೊಬೈಲ್ ಕ್ಯಾಮೆರಾ ಇದೆ. ನಮ್ಮ ಸಂಘದ ತರುಣರು ಈ ಎರಡು ಕೋಟೆಗಳನ್ನು, ಆ ಗುಡಿ ಮಸೀದಿಗಳನ್ನು, ಅಲ್ಲಿ ಕೇಳಿಬರುವ ಕನ್ನಡ, ತುಳು, ಮಲಯಾಳಗಳ ದನಿಯನ್ನು ಹತ್ತು ನಿಮಿಷದ ಚಿತ್ರವಾಗಿಸಲಿ. ಅದರಲ್ಲಿ ಮೊದಲ ಮಾತೇ ಊರಿನ ಹೆಸರಾಗಿರಲಿ.