ಹಾಬ್ಸ್‌ನ ಗೊಂಬೆ ಅಂಗಡಿಗೆ ಯಾಕೆ ಬರಲಿಲ್ಲ

ನಮ್ಮ ಆಫೀಸಿನಲ್ಲಿ ನಾಲ್ಕು ಡೆಸ್ಕಿಗೆ ಒಬ್ಬನಂತೆ ಕ್ಯಾಲ್ವಿನ್ ಇದ್ದಾನೆ. ಒಬ್ಬರ ಕಾಫಿ ಮಗ್ ಮೇಲೆ, ಇನ್ನೊಬ್ಬರ ಲ್ಯಾಪ್‌ಟಾಪ್ ಬೆನ್ನಿಗೆ, ಮತ್ತೊಬ್ಬರ ಟೀ ಶರ್ಟಿನ ಮೇಲೆ. ಪಕ್ಕದಲ್ಲಿ ಅವನ ಹುಲಿ, ಹಾಬ್ಸ್. ತಮಾಷೆ ಏನಪ್ಪಾ ಅಂದ್ರೆ ಇವುಗಳಲ್ಲಿ ಒಂದೂ ಅಸಲಿ ಮಾಲಲ್ಲ. ‘ಕ್ಯಾಲ್ವಿನ್ ಅಂಡ್ ಹಾಬ್ಸ್’ ಬರೆದ ಬಿಲ್ ವಾಟರ್ಸನ್, ಪುಸ್ತಕಗಳು ಮತ್ತು ಒಂದೆರಡು ಕ್ಯಾಲೆಂಡರಿನಂಥ ಸಣ್ಣಪುಟ್ಟವನ್ನು ಬಿಟ್ಟರೆ, ತನ್ನ ಪಾತ್ರಗಳನ್ನು ಯಾವ ಸಾಮಾನಿನ ಮೇಲೂ ಅಚ್ಚು ಹಾಕಲು ಬಿಟ್ಟವನಲ್ಲ. ಹುಲಿಯ ಗೊಂಬೆ ಮಾಡಿದ್ದರೆ ಪ್ರಪಂಚದ ಅರ್ಧ ಮಕ್ಕಳ ಹಾಸಿಗೆಯಲ್ಲಿ ಅದು ಇರುತ್ತಿತ್ತು. ಮಾಡಲಿಲ್ಲ.

ಈ ಕಥೆಯನ್ನು ನಮ್ಮವರು ಹೇಳುವ ರೀತಿ ನಿಮಗೂ ಗೊತ್ತಿರಬಹುದು. ಕೋಟಿಗಟ್ಟಲೆ ದುಡ್ಡು ಬಾಗಿಲಿಗೆ ಬಂದು ನಿಂತಿತ್ತು, ಮಹಾನುಭಾವ ಬೇಡ ಅಂದ, ಕಲೆ ಗೆದ್ದಿತು. ಶುಕ್ರವಾರ ಸಂಜೆ ಎರಡನೇ ಬಿಯರಿನ ಹೊತ್ತಿಗೆ ‘ನಾನೂ ಪೇಪರ್ ಹಾಕಿ ಏನಾದ್ರೂ ಕ್ರಿಯೇಟಿವ್ ಮಾಡ್ಬೇಕು ಮಗಾ’ ಅನ್ನುವವರೆಲ್ಲ ಈ ಕಥೆಯನ್ನು ಒಮ್ಮೆ ಮುಟ್ಟಿಯೇ ಮುಂದೆ ಹೋಗುತ್ತಾರೆ. ನನಗೆ ಈ ಓದು ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ವಾಟರ್ಸನ್ ಹಿಡಿದ ಹಟದ ಒಳಗೆ ದುಡ್ಡಿಗಿಂತ ಹೆಚ್ಚಾಗಿ ಇದ್ದದ್ದು ಹೊತ್ತಿನ ಲೆಕ್ಕ. ದಿನದ ಯಾವ ಗಂಟೆ ಯಾರದು, ವರ್ಷದಲ್ಲಿ ಎಷ್ಟು ದಿನ ತನ್ನದು ಅನ್ನುವ ಲೆಕ್ಕ. ಹಾಗೆ ಓದಿದರೆ ಆ ಸ್ಟ್ರಿಪ್ಪೂ ಸ್ವಲ್ಪ ಬೇರೆಯಾಗಿ ಕಾಣಿಸುತ್ತದೆ.

ಆತ ಅಲ್ಲಿಗೆ ತಲುಪಿದ ದಾರಿ ಚುಟುಕಾಗಿ ಹೀಗಿದೆ. ಹುಟ್ಟಿದ್ದು 1958ರಲ್ಲಿ, ಬೆಳೆದದ್ದು ಅಮೆರಿಕದ ಒಹಾಯೊ ರಾಜ್ಯದ ಚಾಗ್ರಿನ್ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ. 1980ರಲ್ಲಿ ಕೆನ್ಯನ್ ಕಾಲೇಜಿನಿಂದ ರಾಜ್ಯಶಾಸ್ತ್ರದ ಡಿಗ್ರಿ ಹಿಡಿದು ಹೊರಬಂದು ಸಿನ್ಸಿನಾಟಿಯ ಪತ್ರಿಕೆಯೊಂದರಲ್ಲಿ ರಾಜಕೀಯ ವ್ಯಂಗ್ಯಚಿತ್ರಕಾರನಾದ. ಕೆಲವೇ ತಿಂಗಳಲ್ಲಿ ಮನೆಗೆ ಕಳಿಸಿದರು. ಆಮೇಲೆ ಹೊಟ್ಟೆಪಾಡಿಗೆ ಕಾರು, ಕಿರಾಣಿಗಳ ಜಾಹೀರಾತು ಜೋಡಿಸುವ ಕೆಲಸ, ಅದೂ ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ. ಜೊತೆಗೆ ಐದು ವರ್ಷ ಸಿಂಡಿಕೇಟುಗಳಿಗೆ ಸ್ಟ್ರಿಪ್ ಕಳಿಸುವುದು, ವಾಪಸ್ ಬರುವುದು. ಸಿಂಡಿಕೇಟ್ ಅಂದ್ರೆ ಒಬ್ಬನ ಕಾರ್ಟೂನನ್ನು ನೂರಾರು ಪತ್ರಿಕೆಗಳಿಗೆ ಮಾರಿ ಬಂದ ದುಡ್ಡಿನಲ್ಲಿ ಪಾಲು ಕೊಡುವ ಕಂಪನಿ. ಅಂಥ ಒಂದು ಕಂಪನಿ, ತಾನು ಮೊದಲೇ ಇಟ್ಟುಕೊಂಡಿದ್ದ ರೋಬಾಟ್ ಪಾತ್ರವನ್ನು ನಿನ್ನ ಸ್ಟ್ರಿಪ್ಪಿನೊಳಗೆ ಸೇರಿಸಿಕೊಳ್ಳುತ್ತೀಯಾ ಅಂತ ಕೇಳಿತು. ಕೈಯಲ್ಲಿ ಬೇರೇನೂ ಇಲ್ಲದಿದ್ದರೂ ಆತ ಒಲ್ಲೆ ಅಂದ. ಕೊನೆಗೆ ಇನ್ನೊಂದು ಕಂಪನಿ ಒಪ್ಪಿ, 1985ರ ನವೆಂಬರ್ 18ರಂದು 35 ಪತ್ರಿಕೆಗಳಲ್ಲಿ ಕ್ಯಾಲ್ವಿನ್ ಶುರುವಾದ. ಒಳ್ಳೆಯ ದಿನಗಳಲ್ಲಿ ಆ ಸಂಖ್ಯೆ 2,400 ದಾಟಿತು.

ಇಲ್ಲಿಂದ ಮುಂದಿನದ್ದು ನಮ್ಮಂಥವರು ನಿಧಾನಕ್ಕೆ ಓದಬೇಕಾದ ಭಾಗ. ಹೆಸರಿಗೆ ಆತ ಸ್ವತಂತ್ರ ಕಲಾವಿದ. ಬಾಸ್ ಇಲ್ಲ, ಬಯೋಮೆಟ್ರಿಕ್ ಇಲ್ಲ, ಮನೆಯಲ್ಲೇ ಕೆಲಸ. ಆದರೆ ಮೊದಲ ಒಪ್ಪಂದದ ಪ್ರಕಾರ ಪಾತ್ರಗಳ ಹಕ್ಕು ಸಿಂಡಿಕೇಟಿನದು. ವಾರಕ್ಕೆ ಏಳು ಸ್ಟ್ರಿಪ್, ವರ್ಷಕ್ಕೆ ಮುನ್ನೂರ ಅರವತ್ತೈದು. ಯುಗಾದಿಯೂ ಇಲ್ಲ, ಕ್ರಿಸ್‌ಮಸ್ಸೂ ಇಲ್ಲ, ಲೀವ್ ಬ್ಯಾಲೆನ್ಸ್ ಸೊನ್ನೆ. ಈ ದಂಧೆಯ ದೊಡ್ಡಣ್ಣ ಚಾರ್ಲ್ಸ್ ಶುಲ್ಜ್ ‘ಪೀನಟ್ಸ್’ ಸ್ಟ್ರಿಪ್ಪನ್ನು 1950ರಿಂದ 2000ದವರೆಗೆ ಎಳೆದ. ಒಟ್ಟು 17,897 ಸ್ಟ್ರಿಪ್. ಅಷ್ಟೂ ವರ್ಷದಲ್ಲಿ ಹೇಳಿಕೊಳ್ಳುವಂಥ ರಜೆ ಅಂದ್ರೆ 1997ರಲ್ಲಿ ಐದು ವಾರ. 2000ದ ಫೆಬ್ರವರಿ 12ರ ರಾತ್ರಿ ತೀರಿಕೊಂಡ, ಮರುದಿನ ಬೆಳಿಗ್ಗೆ ಅವನ ಕೊನೆಯ ಭಾನುವಾರದ ಪುಟ ಪತ್ರಿಕೆಗಳಲ್ಲಿತ್ತು. ಇದನ್ನು ಓದಿ ಕೆಲವರಿಗೆ ಮೈ ಜುಮ್ಮೆನ್ನುತ್ತದೆ. ನನಗೆ ನಮ್ಮ ಹಳೇ ಮ್ಯಾನೇಜರೊಬ್ಬರ ನೆನಪಾಗುತ್ತದೆ, ಆಸ್ಪತ್ರೆಯ ಬೆಡ್ಡಿನಿಂದ ಕಾಲ್‌ಗೆ ಸೇರಿಕೊಂಡವರು.

ವಾಟರ್ಸನ್ ತನ್ನ ಸ್ಟ್ರಿಪ್ಪುಗಳ ಪೂರ್ತಿ ಸಂಪುಟಕ್ಕೆ, ಅದು 2005ರಲ್ಲಿ ಬಂತು, ಒಂದು ಮುನ್ನುಡಿ ಬರೆದಿದ್ದಾನೆ. ಮನೆಯೂ ಕೆಲಸವೂ ಒಂದರೊಳಗೊಂದು ಎಷ್ಟು ಕಲಸಿಹೋಗಿದ್ದವು ಅಂದರೆ, ಸ್ಟ್ರಿಪ್ಪಿನಿಂದ ಸ್ವಲ್ಪ ಹೊತ್ತು ತಪ್ಪಿಸಿಕೊಳ್ಳೋಣ ಅಂದರೂ ಹೋಗಲು ಜಾಗವಿರಲಿಲ್ಲ ಎನ್ನುವ ಅರ್ಥದ ಮಾತು ಅಲ್ಲಿದೆ. ಊಟದ ಟೇಬಲ್ಲಿನ ಮೇಲೆ ಆಫೀಸ್ ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡು ವರ್ಷ ಕಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಈಗ ಗೊಂಬೆಯ ವಿಷಯಕ್ಕೆ ಬನ್ನಿ. ಹಾಬ್ಸ್ ಗೊಂಬೆಯಾಗಿ ಬಂದರೆ ಏನಾಗುತ್ತಿತ್ತು? ಅದರ ಕಣ್ಣು ಸರಿಯಿದೆಯಾ, ಬಟ್ಟೆಯ ಬಣ್ಣ ಸರಿಯಿದೆಯಾ ಅಂತ ದಿನಾ ಸ್ಯಾಂಪಲ್ ನೋಡಬೇಕು. ಟೀವಿ ಸೀರಿಯಲ್ಲಿಗೆ ಸ್ಕ್ರಿಪ್ಟ್ ಓದಬೇಕು. ಸಹಾಯಕರನ್ನು ಇಟ್ಟುಕೊಂಡು ಅವರು ಎಳೆದ ಗೆರೆ ತಿದ್ದಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಚೆಂದವಾಗಿ ಕೋಡ್ ಬರೀತಿದ್ದವನಿಗೆ ಪ್ರಮೋಷನ್ ಕೊಟ್ಟು ದಿನಕ್ಕೆ ಏಳು ಮೀಟಿಂಗಿಗೆ ಕೂರಿಸುವುದು. ಪ್ರತಿ ಪದ, ಪ್ರತಿ ಗೆರೆ ತನ್ನದೇ ಆಗಿರಬೇಕು ಅಂತ ಹಟ ಹಿಡಿದವನಿಗೆ ಇದು ಒಗ್ಗುವುದು ಸಾಧ್ಯವಿರಲಿಲ್ಲ. ಇದರ ಜೊತೆಗೆ, ಹಾಬ್ಸ್ ನಿಜವಾದ ಹುಲಿಯೋ ಬಟ್ಟೆಯ ಗೊಂಬೆಯೋ ಅನ್ನುವ ಪ್ರಶ್ನೆಗೆ ಉತ್ತರ ಕೊಡದೇ ಇರುವುದರಲ್ಲೇ ಆ ಸ್ಟ್ರಿಪ್ಪಿನ ಜೀವ ಇದೆ. ಅಂಗಡಿಯ ಶೆಲ್ಫಿನಲ್ಲಿ ಕೂತ ಹಾಬ್ಸ್ ಆ ಪ್ರಶ್ನೆಯನ್ನು ಒಂದೇ ಏಟಿಗೆ ಮುಗಿಸಿಬಿಡುತ್ತಿತ್ತು. ಹಾಗಾಗಿ ಕಲೆಯ ಕಾರಣ ಸುಳ್ಳಲ್ಲ. ಆದರೆ ನನ್ನ ಓದಿನಲ್ಲಿ ಹೊತ್ತಿನ ಕಾರಣ ಅದರಷ್ಟೇ ಗಟ್ಟಿಯಾದದ್ದು, ಮತ್ತು ನಾವು ಅದನ್ನು ಹೇಳುವುದೇ ಇಲ್ಲ. ಯಾಕೆಂದರೆ ‘ಆದರ್ಶಕ್ಕಾಗಿ ಕೋಟಿ ಬಿಟ್ಟ’ ಅನ್ನುವಷ್ಟು ಚೆನ್ನಾಗಿ ‘ಮೀಟಿಂಗ್ ತಪ್ಪಿಸಿಕೊಳ್ಳಲು ಕೋಟಿ ಬಿಟ್ಟ’ ಅನ್ನುವುದು ಕೇಳಿಸುವುದಿಲ್ಲ.

ಈ ಜಗಳ ವರ್ಷಗಟ್ಟಲೆ ನಡೆಯಿತು. 1991ರ ಹೊತ್ತಿಗೆ ಒಪ್ಪಂದವನ್ನು ಹೊಸದಾಗಿ ಬರೆದು ಹಕ್ಕುಗಳು ಅವನ ಕೈಗೆ ಬಂದವು. ಅದೇ ವರ್ಷ ಮೇ ತಿಂಗಳಿನಿಂದ ಒಂಬತ್ತು ತಿಂಗಳು ರಜೆ. ವಾಪಸ್ ಬಂದಾಗ ಭಾನುವಾರದ ಸ್ಟ್ರಿಪ್ ಅರ್ಧ ಪುಟ, ಅದನ್ನು ಕತ್ತರಿಸಿ ಚೌಕ ಅದಲುಬದಲು ಮಾಡುವಂತಿಲ್ಲ ಅನ್ನುವ ಷರತ್ತು. ಎಷ್ಟೋ ಸಂಪಾದಕರು ಗೊಣಗಿದರು, ಇವನಿಗೇನು ಕೊಂಬು ಬಂದಿದೆಯಾ ಅಂತ. ಆದರೆ ಆ ಒಂಬತ್ತು ತಿಂಗಳ ಫಸಲು ಪುಟದ ಮೇಲೆ ಕಾಣಿಸುತ್ತದೆ. 1992ರ ನಂತರದ ಭಾನುವಾರಗಳನ್ನು ತೆಗೆದು ನೋಡಿ. ಇಡೀ ಅಗಲಕ್ಕೆ ಹರಡಿದ ಅನ್ಯಗ್ರಹದ ಬಂಡೆಗಳು, ಚೌಕದ ಗಡಿ ಮೀರಿ ನಡೆಯುವ ಡೈನೋಸಾರುಗಳು, ಮಾತೇ ಇಲ್ಲದೆ ಬಿಟ್ಟ ಆಕಾಶ. ಪುರುಸೊತ್ತು ಸಿಕ್ಕ ಕೈಯ ಗೆರೆ ಹಾಗಿರುತ್ತದೆ. ವಾರದ ದಿನಗಳ ಸ್ಟ್ರಿಪ್ಪುಗಳ ಬಗ್ಗೆ ನಾನು ಇಷ್ಟು ಉದಾರಿಯಲ್ಲ. ಕೊನೆಯ ವರ್ಷಗಳಲ್ಲಿ ಕ್ಯಾಲ್ವಿನ್ ಆಗಾಗ ಆರು ವರ್ಷದ ಹುಡುಗನಾಗಿರುವುದನ್ನು ಬಿಟ್ಟು, ಟೀವಿಯ ಮೇಲೆ, ಕಲಾಮಾರುಕಟ್ಟೆಯ ಮೇಲೆ ಭಾಷಣ ಮಾಡುತ್ತಾನೆ. ಭಾಷಣ ಸರಿಯಾಗಿಯೇ ಇದೆ, ಆದರೆ ಮಾತಾಡುತ್ತಿರುವುದು ದಣಿದ ಮೂವತ್ತೈದರ ಗಂಡಸು ಅಂತ ಗೊತ್ತಾಗಿಬಿಡುತ್ತದೆ. 1994ರಲ್ಲಿ ಮತ್ತೆ ಒಂಬತ್ತು ತಿಂಗಳು ರಜೆ. 1995ರ ಡಿಸೆಂಬರ್ 31ಕ್ಕೆ ಸ್ಟ್ರಿಪ್ಪೇ ಮುಗಿಯಿತು. ಆಗ ಅವನಿಗೆ 37.

ಇಡೀ ಸರಣಿಯಲ್ಲಿ ಈ ವಿಷಯಕ್ಕೆ ತೀರ ಹತ್ತಿರ ಬರುವುದು ಮಾತಿಲ್ಲದ ಒಂದು ಪುಟ. ಕ್ಯಾಲ್ವಿನ್‌ನ ಅಪ್ಪ, ಪೇಟೆಂಟ್ ವಕೀಲ, ಮನೆಯಲ್ಲಿ ಮೇಜಿನ ಮುಂದೆ ಕಾಗದದ ರಾಶಿ ಹಾಕಿಕೊಂಡು ಕೂತಿದ್ದಾನೆ. ಹೊರಗೆ ಹಿಮ. ಹುಡುಗ ಬಂದು ಆಡಲು ಕರೆಯುತ್ತಾನೆ, ಅಪ್ಪ ಆಗಲ್ಲ ಅನ್ನುತ್ತಾನೆ, ಹುಡುಗ ಹೊರಟುಹೋಗುತ್ತಾನೆ. ಸ್ವಲ್ಪ ಹೊತ್ತಿಗೆ ಅಪ್ಪ ಎಲ್ಲ ಬಿಟ್ಟು ಹೊರಗೆ ಓಡುತ್ತಾನೆ, ಇಬ್ಬರೂ ಸೇರಿ ಹಿಮದ ಮನುಷ್ಯನನ್ನು ಮಾಡುತ್ತಾರೆ. ಮಕ್ಕಳ ದಿನಾಚರಣೆ, ಅಪ್ಪಂದಿರ ದಿನ ಅಂತೆಲ್ಲ ಈ ಪುಟ ವಾಟ್ಸಾಪಿನಲ್ಲಿ ಸುತ್ತುತ್ತಿರುತ್ತದೆ, ‘ಮೊದಲು ಕುಟುಂಬ’ ಅನ್ನುವ ಒಕ್ಕಣೆಯೊಂದಿಗೆ. ಹಂಚುವವರು ಕೊನೆಯ ಚೌಕ ನೋಡುತ್ತಾರೋ ಇಲ್ಲವೋ. ರಾತ್ರಿಯಾಗಿದೆ, ಹುಡುಗ ಮಲಗುವ ಮುಂಚೆ ಬಂದು ಮುದ್ದು ಮಾಡುತ್ತಿದ್ದಾನೆ, ಅಪ್ಪ ಮತ್ತೆ ಅದೇ ಮೇಜಿನ ಮುಂದೆ. ಮಧ್ಯಾಹ್ನದ ಕೆಲಸ ಎಲ್ಲಿಗೂ ಹೋಗಲಿಲ್ಲ, ರಾತ್ರಿಗೆ ಜರುಗಿತು ಅಷ್ಟೆ. ಬೇರೆ ಯಾರೇ ಬರೆದಿದ್ದರೂ ಹಿಮದ ಮನುಷ್ಯನ ಜೊತೆಗೇ ಪುಟ ಮುಗಿಸುತ್ತಿದ್ದರು. ವಾಟರ್ಸನ್ ಬಿಲ್ಲನ್ನೂ ತೋರಿಸಿದ. ಅದಕ್ಕೇ ನಾನು ಅವನನ್ನು ನಂಬುತ್ತೇನೆ.

ನನ್ನ ತಂಗಿ ಈ ವಿಷಯದಲ್ಲಿ ನನ್ನಷ್ಟು ಭಕ್ತಳಲ್ಲ. ಮೂರು ವರ್ಷದ ಹಿಂದೆ ಡಿಸೈನರ್ ಕೆಲಸ ಬಿಟ್ಟು ಈಗ ಮಕ್ಕಳ ಪುಸ್ತಕಗಳಿಗೆ, ಕಂಪನಿಗಳ ಬ್ರೋಷರುಗಳಿಗೆ ಚಿತ್ರ ಬರೆಯುತ್ತಾಳೆ. ಕಳೆದ ದೀಪಾವಳಿಗೆ ಊರಿಗೆ ಹೋದಾಗ, ಅಂಗಳದಲ್ಲಿ ಎಲ್ಲರೂ ದೀಪ ಹಚ್ಚುತ್ತಿದ್ದರೆ ಇವಳು ಜಗಲಿಯಲ್ಲಿ ಕೂತು ಯಾರದೋ ಆನೆಯ ಸೊಂಡಿಲನ್ನು ಐದನೇ ಸಲ ತಿದ್ದುತ್ತಿದ್ದಳು. ‘ನೌಕರಿ ಬಿಟ್ಟ ಮೇಲೆ ಪುರುಸೊತ್ತು ಜಾಸ್ತಿ ಆಗ್ಬೇಕಿತ್ತಲ್ಲ ಮಗಾ’ ಅಂದರು ಅಮ್ಮ. ಅವಳು ತಲೆ ಎತ್ತಲಿಲ್ಲ. ಆಮೇಲೆ ನಾನು ವಾಟರ್ಸನ್ ಪುರಾಣ ತೆಗೆದಾಗ ಅವಳು ಹೇಳಿದ್ದು: ‘ಅಣ್ಣಾ, ಅವನು ಬೇಡ ಅಂದಾಗ ಅವನ ಹಿಂದೆ ಅಷ್ಟು ಪೇಪರ್‌ಗಳು ನಿಂತಿದ್ವು. ನಾನು ಬೇಡ ಅಂದ್ರೆ ಅವರು ಇನ್ನೊಬ್ಬಳಿಗೆ ಫೋನ್ ಮಾಡ್ತಾರೆ. ನಂಗೆ ಚಿತ್ರ ಬರೆಯೋದು ಅರ್ಧ ಕೆಲಸ, ದುಡ್ಡು ಕೇಳೋದು ಇನ್ನರ್ಧ.’

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ರೋಬಾಟನ್ನು ಬೇಡ ಅಂದಾಗ ಅವನ ಹತ್ತಿರ ಏನೂ ಇರಲಿಲ್ಲ ಅನ್ನುವುದು ನಿಜ. ಆದರೆ ಒಂಬತ್ತು ತಿಂಗಳ ರಜೆ, ಅರ್ಧ ಪುಟ, ಹಕ್ಕು ವಾಪಸ್, ಇವೆಲ್ಲ ಸಿಕ್ಕಿದ್ದು ಅವನನ್ನು ಕಳೆದುಕೊಳ್ಳಲು ಯಾರಿಗೂ ಧೈರ್ಯ ಇಲ್ಲದಿದ್ದಾಗ. ಅವನ ರಜೆಯ ತಿಂಗಳುಗಳಲ್ಲಿ ಪತ್ರಿಕೆಗಳಲ್ಲಿ ಹಳೆಯ ಸ್ಟ್ರಿಪ್ಪುಗಳೇ ಮತ್ತೆ ಬರುತ್ತಿದ್ದವು. ಇನ್ನೂ ಹೆಸರು ಮಾಡದವಳ ಹಳೆಯ ಚಿತ್ರವನ್ನು ಮತ್ತೆ ಹಾಕಿ ದುಡ್ಡು ಕೊಡುವವರು ಯಾರು? ಹಾಗಾಗಿ ವಾಟರ್ಸನ್‌ನನ್ನು ಮುಂದಿಟ್ಟುಕೊಂಡು ರಾಜೀನಾಮೆ ಬರೆಯುವವರು ಈ ಅನುಕ್ರಮವನ್ನು ಗಮನಿಸಬೇಕು. ಆರು ತಿಂಗಳ ಸಂಬಳ ಕೂಡಿಟ್ಟುಕೊಂಡು ಬಿಡಿ ಅನ್ನುವ ಉಪದೇಶ ಎಲ್ಲ ಕಡೆ ಸಿಗುತ್ತದೆ, ಒಳ್ಳೆಯದೇ. ರಜೆಯನ್ನು ಒಪ್ಪಂದದಲ್ಲಿ ಬರೆಸಿ ಅಂತ ಯಾರೂ ಹೇಳುವುದಿಲ್ಲ.

ನಮ್ಮ ಕಡೆ ಯಕ್ಷಗಾನ ಮೇಳದವರಿಗೆ ಈ ವಿಷಯ ಎಂದೋ ಗೊತ್ತಿತ್ತು. ಪತ್ತನಾಜೆ ಬಂತು ಅಂದರೆ, ಮೇ ಕೊನೆಯ ಹೊತ್ತಿಗೆ, ಗೆಜ್ಜೆ ಬಿಚ್ಚುತ್ತಾರೆ, ಆ ವರ್ಷದ ತಿರುಗಾಟ ಮುಗಿಯುತ್ತದೆ. ಎಷ್ಟು ದೊಡ್ಡ ವೇಷಧಾರಿಯಾದರೂ, ಎಷ್ಟೇ ಸಣ್ಣ ಬಾಲಗೋಪಾಲನಾದರೂ ಒಂದೇ ದಿನ. ಮಳೆಗಾಲದಲ್ಲಿ ಸಂಪಾದನೆಗೆ ಬೇರೆ ದಾರಿ ಹುಡುಕಬೇಕು, ಅದು ಸುಖದ ರಜೆಯೇನಲ್ಲ. ಆದರೂ ನನಗೆ ದಣಿವಾಗಿದೆ ಅಂತ ಯಾರೂ ಒಬ್ಬೊಬ್ಬರಾಗಿ ಹೋಗಿ ಯಜಮಾನರ ಮುಂದೆ ಕೈಕಟ್ಟಿ ನಿಲ್ಲಬೇಕಾಗಿರಲಿಲ್ಲ. ಅಮೆರಿಕದ ಕಾರ್ಟೂನ್ ದಂಧೆಯಲ್ಲಿ ಮಳೆಗಾಲವೇ ಇರಲಿಲ್ಲ. ಗ್ಯಾರಿ ಟ್ರುಡೋ 1983ರಲ್ಲಿ, ಗ್ಯಾರಿ ಲಾರ್ಸನ್ 1988ರಲ್ಲಿ, ವಾಟರ್ಸನ್ 1991ರಲ್ಲಿ, ಒಬ್ಬೊಬ್ಬರೂ ತಮ್ಮ ತಮ್ಮ ಮಳೆಗಾಲವನ್ನು ತಾವೇ ಕೇಳಿ ಪಡೆಯಬೇಕಾಯಿತು. ಲಾರ್ಸನ್ನನೂ ಅಷ್ಟೇ, 1995ರ ಹೊಸವರ್ಷದ ದಿನ ತನ್ನ ಕಾರ್ಟೂನಿಗೆ ಪೂರ್ಣವಿರಾಮ ಹಾಕಿದ.

ನಿಲ್ಲಿಸುತ್ತೇನೆ ಅಂತ ಸಂಪಾದಕರಿಗೆ ಬರೆದ ಪತ್ರದಲ್ಲಿ ವಾಟರ್ಸನ್, ದಿನದ ಗಡುವು ಮತ್ತು ಸಣ್ಣ ಚೌಕಗಳ ಒಳಗೆ ಆಗುವುದನ್ನು ಮಾಡಿದ್ದೇನೆ, ಇನ್ನು ನಿಧಾನವಾಗಿ, ರಾಜಿ ಕಮ್ಮಿ ಮಾಡಿಕೊಂಡು ಕೆಲಸ ಮಾಡಬೇಕು ಎಂದಿದ್ದ. ‘ವರ್ಕ್-ಲೈಫ್ ಬ್ಯಾಲೆನ್ಸ್’ ಬಗ್ಗೆ ಮಾತಾಡುವವರಿಗೆ ಇದು ಅಷ್ಟು ಅನುಕೂಲದ ಉದಾಹರಣೆ ಅಲ್ಲ. ಹಕ್ಕು ಸಿಕ್ಕಿತು, ರಜೆ ಸಿಕ್ಕಿತು, ಅರ್ಧ ಪುಟ ಸಿಕ್ಕಿತು. ಆದರೂ ತಕ್ಕಡಿ ಸಮ ಆಗಲಿಲ್ಲ, ತಕ್ಕಡಿಯನ್ನೇ ಕೆಳಗಿಟ್ಟ. ಅದಾದ ಮೇಲೆ ಹೊಸ ಪುಸ್ತಕ ಬಂದದ್ದು 2023ರಲ್ಲಿ, ಜಾನ್ ಕ್ಯಾಷ್ಟ್ ಎಂಬ ಕಲಾವಿದನ ಜೊತೆ ಸೇರಿ ಮಾಡಿದ ‘ದ ಮಿಸ್ಟರೀಸ್’. ಕೆಲವೇ ಪುಟ, ಪುಟಕ್ಕೆ ಕೆಲವೇ ಪದ, ಹಿಂದೆ ವರ್ಷಗಟ್ಟಲೆ ಕೆಲಸ. ನನಗೆ ಅದು ಅಷ್ಟೇನೂ ಹಿಡಿಸಲಿಲ್ಲ. ತಂಗಿ ಮಾತ್ರ ನನ್ನ ಪ್ರತಿಯನ್ನು ತೆಗೆದುಕೊಂಡು ಹೋಗಿ ಇನ್ನೂ ಕೊಟ್ಟಿಲ್ಲ.

ಜನವರಿಯಿಂದ ಅವಳು ತನ್ನ ಕೊಟೇಶನ್ನಿನ ಕೊನೆಗೆ ಎರಡು ಸಾಲು ಸೇರಿಸಿದ್ದಾಳೆ. ತಿದ್ದುಪಡಿ ಎರಡು ಸುತ್ತು ಮಾತ್ರ, ಮೂರನೆಯದಕ್ಕೆ ಬೇರೆ ದುಡ್ಡು. ಭಾನುವಾರ ಬಂದ ಮೇಲ್ ಸೋಮವಾರ ನೋಡಲಾಗುವುದು. ಒಬ್ಬ ಕ್ಲೈಂಟ್ ತಕ್ಷಣ ಬಿಟ್ಟುಹೋದ, ತಿಂಗಳಿಗೆ ಹದಿನೆಂಟು ಸಾವಿರದ ಕೆಲಸ ಅದು. ಇಬ್ಬರು ಓದದೆಯೇ ಸಹಿ ಹಾಕಿದರು. ಮಾರ್ಚ್ ಮುಗಿಯೋವರೆಗೆ ನೋಡ್ತೀನಿ ಅಂದಿದ್ದಾಳೆ.