‘ಮಾಯಾಪರ್ವತ’ದ ಹಿಮ

ಹಿಮವನ್ನು ಚಿತ್ರಗಳಲ್ಲಿ ಮಾತ್ರ ಕಂಡು ಬೆಳೆದ ನಮಗೆ ಅದು ಬೆಳದಿಂಗಳಿನಷ್ಟೇ ನಿರುಪದ್ರವಿಯಾಗಿ ತೋರುತ್ತದೆ. ಆ ಭ್ರಮೆಯನ್ನು ಕಳೆಯುವ ಬರಹಗಳಲ್ಲಿ ಜರ್ಮನ್ ಕಾದಂಬರಿಕಾರ ಥಾಮಸ್ ಮನ್‌ನ ‘ಮಾಯಾಪರ್ವತ’ದ (1924) ‘ಹಿಮ’ ಎಂಬ ಅಧ್ಯಾಯಕ್ಕೆ ಹಿರಿಯ ಸ್ಥಾನವಿದೆ. ಅಲ್ಲಿ ಬರುವ ಕನಸಿನ ಕೀರ್ತಿ ದೊಡ್ಡದು. ಆದರೆ ಅಧ್ಯಾಯದ ಜೀವವಿರುವುದು ಕನಸಿಗೆ ಮುಂಚಿನ ಪುಟಗಳಲ್ಲೆಂದು ನಮ್ಮ ಅಭಿಪ್ರಾಯ.

ಕಥೆ ನಡೆಯುವುದು ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿರುವ ಕ್ಷಯರೋಗಿಗಳ ಆರೋಗ್ಯಧಾಮವೊಂದರಲ್ಲಿ. ಹಾನ್ಸ್ ಕಾಸ್ಟೋರ್ಪ್ ಎಂಬ ತರುಣ ಅಲ್ಲಿನ ನಿಯಮವನ್ನು ಮೀರಿ, ಗುಟ್ಟಾಗಿ ಸ್ಕೀ ಹಲಗೆಗಳನ್ನು ಕೊಂಡು, ಒಬ್ಬನೇ ಬೆಟ್ಟವೇರುತ್ತಾನೆ. ಮುಗಿಲು ಕಪ್ಪಿಟ್ಟುದನ್ನು ಕಂಡೂ ಹಿಂದಿರುಗುವುದಿಲ್ಲ. ಬಿರುಗಾಳಿಯೆದ್ದು ನೆಲ, ಆಕಾಶ ಒಂದಾಗುತ್ತವೆ. ಬೀಗ ಹಾಕಿದ ಹುಲ್ಲಿನ ಕೊಟ್ಟಿಗೆಯೊಂದನ್ನು ಬಿಟ್ಟು ಹೊರಟವನು ಸುತ್ತಿ ಬಳಸಿ ಮತ್ತೆ ಅದೇ ಕೊಟ್ಟಿಗೆಗೆ ಬರುತ್ತಾನೆ! ಇದು ಬರಿಯ ಕಲ್ಪನೆಯಲ್ಲ. ಸೂರ್ಯನೂ ಗುರುತುಗಳೂ ಕಾಣದಿದ್ದರೆ ಮನುಷ್ಯ ತನಗರಿವಿಲ್ಲದೆ ಸುತ್ತು ಹಾಕುತ್ತಾನೆಂಬುದನ್ನು 2009ರಲ್ಲಿ ಜರ್ಮನ್ ಸಂಶೋಧಕರು ಪ್ರಯೋಗದಿಂದ ತೋರಿಸಿದ್ದಾರೆ.

ಅಲ್ಲಿ ಅವನು ಜೇಬಿನಲ್ಲಿದ್ದ ಪೋರ್ಟ್ ಮದ್ಯವನ್ನು ಕುಡಿಯುತ್ತಾನೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬೆಚ್ಚಗಾದಂತೆನಿಸುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಸೋರಿಹೋಗುತ್ತದೆ. ಮನ್ ಇದನ್ನು ಉಪದೇಶಿಸುವುದಿಲ್ಲ. ಮಂಕಾಗುತ್ತ ಬರುವ ಮನಸ್ಸನ್ನು ಒಳಗಿನಿಂದಲೇ ತೋರಿಸುತ್ತಾನೆ. ಭಯಾನಕವು ಶಾಂತದ ವೇಷ ತೊಟ್ಟು ಬರುತ್ತದೆ. ಮಲಗಬೇಕೆಂಬ ಆಸೆಯೇ ಇಲ್ಲಿ ಮೃತ್ಯು. ತಾನು ದಾರಿ ತಪ್ಪಿದ್ದು ಆಕಸ್ಮಿಕವಲ್ಲ, ತಪ್ಪಬೇಕೆಂದೇ ಒಳಗೊಳಗೆ ಬಯಸಿದ್ದೆ ಎಂದು ತರುಣನಿಗೆ ಹೊಳೆಯುವಲ್ಲಿ ಕಾದಂಬರಿಕಾರನ ಮನೋಜ್ಞಾನ ತನ್ನ ತುದಿ ಮುಟ್ಟುತ್ತದೆ.

ಇದೇ ದಾವೋಸಿನಿಂದ 1894ರ ಮಾರ್ಚಿನಲ್ಲಿ ಷೆರ್ಲಾಕ್ ಹೋಮ್ಸನ ಜನಕ ಆರ್ಥರ್ ಕಾನನ್ ಡಾಯ್ಲ್ ಸ್ಕೀ ಕಟ್ಟಿಕೊಂಡು ಬೆಟ್ಟ ದಾಟಿ ಆರೋಸಾ ಊರಿಗೆ ಹೋದ. ಹೋದದ್ದು ಒಂಟಿಯಾಗಲ್ಲ; ಆ ದಾರಿಯನ್ನು ಮೊದಲೇ ತುಳಿದಿದ್ದ ಬ್ರಾಂಗರ್ ಸೋದರರಿಬ್ಬರ ಜೊತೆಯಲ್ಲಿ. ಕಡಿದಾದ ಇಳಿಜಾರಿನಲ್ಲಿ ಹಲಗೆಗಳು ಜಾರಿಹೋಗಿ, ಷರಾಯಿಯ ಮೇಲೆಯೇ ಕುಳಿತು ಇಳಿದುದನ್ನು ಅವನು ನಗುನಗುತ್ತ ಬರೆದಿದ್ದಾನೆ. ಆ ಲಘುಬರಹವನ್ನು ಮನ್‌ನ ಕೃತಿಯ ಜೊತೆಗೆ ತೂಗಲಾಗದು, ನಿಜ. ಆದರೂ ಡಾಯ್ಲ್‌ನ ಬೆಟ್ಟದಲ್ಲಿ ಬೆಟ್ಟವನ್ನು ಬಲ್ಲ ಜನರಿದ್ದಾರೆ. ಕಾಸ್ಟೋರ್ಪನ ಬೆಟ್ಟದಲ್ಲಿರುವವನು ಕಾಸ್ಟೋರ್ಪ್ ಒಬ್ಬನೇ.

ದೋಷವೂ ಇಲ್ಲದಿಲ್ಲ. ಸುಮಾರು ಹತ್ತೇ ನಿಮಿಷದ ಮಂಪರಿನಲ್ಲಿ ಕಂಡ ಕನಸು ಅತಿಯಾಗಿ ಬೆಳೆದು, ತನ್ನ ತತ್ತ್ವಾರ್ಥವನ್ನು ತಾನೇ ಬಿಡಿಸಿ ಹೇಳುತ್ತದೆ. ಚಳಿಗೆ ಮರಗಟ್ಟಿದವನು ಇಷ್ಟು ಕ್ರಮವಾಗಿ ಚಿಂತಿಸಬಲ್ಲನೆ? ಆದರೆ ಮನ್ ತನ್ನ ನಾಯಕನಿಗಿಂತ ಜಾಣ. ಕಾಸ್ಟೋರ್ಪನನ್ನು ಎಚ್ಚರಿಸಿದ್ದು ಕನಸಾದರೂ ಮನೆಗೆ ಮುಟ್ಟಿಸಿದ್ದು ತಿಳಿಯಾದ ಹವೆ. ಬೆಟ್ಟದ ಮೇಲೆ ದೊರೆತ ಮಹಾದರ್ಶನ ರಾತ್ರಿಯ ಊಟದ ಹೊತ್ತಿಗೆ ಮಾಸುತ್ತ ಬಂದಿರುತ್ತದೆ.

ದಾವೋಸಿನಲ್ಲಿ ಇಂದು ಹಿಮ ಸಂಶೋಧನಾಲಯವಿದೆ. ಚಳಿಗಾಲದಲ್ಲಿ ಅದು ಹಿಮಕುಸಿತದ ಮುನ್ಸೂಚನೆಯನ್ನು ದಿನದಿನವೂ ಪ್ರಕಟಿಸುತ್ತದೆ. ಆದರೆ ಮುನ್ಸೂಚನೆಯನ್ನು ಓದಿಯೂ ಮುಂದೆ ಹೆಜ್ಜೆಯಿಡುವ ಮನಸ್ಸಿದೆಯಲ್ಲ, ಅದರ ಚರಿತ್ರೆ ಈ ಅಧ್ಯಾಯದಲ್ಲಿದೆ. ರಜೆಯಲ್ಲಿ ಗುಲ್ಮಾರ್ಗಿಗೋ ಔಲಿಗೋ ಹೊರಡುವ ನಮ್ಮ ತರುಣರು ಕೈಚೀಲ, ಸ್ವೆಟರುಗಳನ್ನು ಕಟ್ಟಿಕೊಳ್ಳುವ ಮೊದಲು ಇದನ್ನೊಮ್ಮೆ ಓದುವುದು ಒಳ್ಳೆಯದು.